ಹನ್ನೊಂದು ಹೊಲ, ಒಂದು ಚೌಕ

ಒಬ್ಬ ಮನುಷ್ಯನನ್ನು ನಾನು ನಾಲ್ಕು ವರ್ಷ ಮನಸ್ಸಿನಲ್ಲಿ ಏಕವಚನದಲ್ಲೇ ಕರೆದಿದ್ದೇನೆ. ಎದುರಿಗೆ ಸಿಕ್ಕಾಗ ‘ಸರ್’ ಎನ್ನುತ್ತಿದ್ದೆ, ಸ್ವಲ್ಪ ಬಗ್ಗಿ ನಮಸ್ಕಾರವನ್ನೂ ಮಾಡುತ್ತಿದ್ದೆ. ಅವನು ತಿರುಗಿ ಹೋಗುವಾಗ ಮಾತ್ರ ಅವನ ಬೆನ್ನು, ಸೊಂಟ, ಕತ್ತಿನ ಹಿಂದಿನ ಮಡಿಕೆ ಎಲ್ಲ ನೋಡಿ ಐದಕ್ಕೆ ನಾಲ್ಕೂವರೆ ಎಂದುಕೊಳ್ಳುತ್ತಿದ್ದೆ. ದನಗಳ ಮೈಗೆ ಅಂಕ ಕೊಡುವುದು ನನ್ನ ಕೆಲಸವಾಗಿತ್ತು. ಆ ಅಳತೆಯಲ್ಲಿ ನಾಲ್ಕೂವರೆ ಎಂದರೆ ಕೂತಲ್ಲೇ ತಿಂದು ಕೊಬ್ಬಿದ ಪ್ರಾಣಿ.

ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಾರು. ಬೆಳಗಾವಿಯ ಸದಾಶಿವನಗರದಲ್ಲಿ ಒಂದು ಮನೆಯ ಮೇಲಿನ ಮಹಡಿಯಲ್ಲಿ ನಮ್ಮ ಸಮೀಕ್ಷೆಯ ಕಚೇರಿ ಇತ್ತು. ಖಾನಾಪುರ ತಾಲ್ಲೂಕಿನ ಊರುಗಳಲ್ಲಿ ಭತ್ತ ಎಷ್ಟು ಬಂತು, ಹುಲ್ಲು ಬೇಸಿಗೆಯವರೆಗೆ ಸಾಲುತ್ತದೋ ಇಲ್ಲವೋ, ದನಗಳ ಮೈ ಹೇಗಿದೆ ಎಂದು ನೋಡಿ ಬರೆಯುವುದು ಅದರ ಕೆಲಸ. ಆ ಬರಹ ನೋಡಿ ಯಾವ ಊರಿಗೆ ಮೇವು ಕಳಿಸಬೇಕು ಎಂದು ಮೇಲಿನವರು ತೀರ್ಮಾನಿಸುತ್ತಿದ್ದರು. ಅವನು ನಮ್ಮ ತಂಡದ ಮುಖ್ಯಸ್ಥ. ನಾವು ನಾಲ್ಕು ಜನ ಹೊಲಕ್ಕೆ ಹೋಗುವವರು.

ಸಾಂಬ್ರಾದ ನಮ್ಮ ಮನೆಯಿಂದ ನಸುಕಿನಲ್ಲೇ ಹೊರಡುತ್ತಿದ್ದೆ. ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಅವ್ವ ಒಲೆ ಹಚ್ಚುವುದಿಲ್ಲ, ನಾವು ಉಣ್ಣುವುದಿಲ್ಲ. ಖಾನಾಪುರದಿಂದ ಬೆಳಗಾವಿಗೆ ಬಂದು, ಅಲ್ಲಿಂದ ಸಾಂಬ್ರಾದ ಬಸ್ಸು ಹಿಡಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಹಾಗಾಗಿ ಖಾನಾಪುರದ ಬಸ್ ನಿಲ್ದಾಣದಲ್ಲೇ ಐದು ಗಂಟೆಗೆ ಡಬ್ಬಿ ಬಿಚ್ಚಿ, ಬೆಳಿಗ್ಗೆಯ ರೊಟ್ಟಿಯನ್ನು ರಾತ್ರಿಯ ಊಟವೆಂದು ತಿಂದು ಬಸ್ಸು ಹತ್ತುತ್ತಿದ್ದೆ. ಚಪ್ಪಲಿಯಲ್ಲಿ ಗದ್ದೆಯ ಕೆಸರು, ತಲೆಗೂದಲಲ್ಲಿ ಭತ್ತದ ಹೊಟ್ಟು. ಆದರೂ ಆ ಕೆಲಸ ನನಗೆ ಸೇರಿತ್ತು. ಹೊಲವನ್ನು ನಾವು ಆರಿಸುವಂತಿಲ್ಲ, ಚೀಟಿಯಲ್ಲಿ ಬಂದ ಸರ್ವೆ ನಂಬರಿಗೇ ಹೋಗಬೇಕು. ನಾಲ್ಕು ಗೂಟ ನೆಟ್ಟು, ಹುರಿ ಕಟ್ಟಿ, ಐದು ಮೀಟರು ಉದ್ದ ಐದು ಮೀಟರು ಅಗಲದ ಚೌಕ ಮಾಡಬೇಕು. ಅದರೊಳಗಿನ ಭತ್ತವನ್ನಷ್ಟೇ ಕೊಯ್ದು, ತಾಡಪತ್ರಿ ಹಾಸಿ ಅದರ ಮೇಲೆ ಬಡಿದು, ತೂರಿ, ತೂಗಿ, ಬರೆದುಕೊಳ್ಳಬೇಕು. ಅರ್ಧ ದಿನದ ಕೆಲಸ.

ಅವನು ಆ ಅರ್ಧ ದಿನವನ್ನು ಐದು ನಿಮಿಷಕ್ಕೆ ಇಳಿಸಿದ್ದ. ಕಾಡಂಚಿನ ಊರುಗಳಲ್ಲಿ ಫೋನಿಗೆ ನೆಟ್‌ವರ್ಕ್ ಸಿಗುವುದಿಲ್ಲವೆಂದು ಅಲ್ಲಿ ಮಾತ್ರ ಕಾಗದದ ಮೇಲೆ ಬರೆಯಲು ಅನುಮತಿ ಇತ್ತು. ಆ ಊರುಗಳನ್ನೆಲ್ಲ ತನ್ನ ಪಾಲಿಗೆ ಇಟ್ಟುಕೊಂಡು ಜೀಪಿನಲ್ಲಿ ಕೂತೇ ಬರೆದುಬಿಡುತ್ತಿದ್ದ. ನಮಗೆ ಇದು ಗೊತ್ತಿರಲಿಲ್ಲ. ‘ಸಾಹೇಬರು ಒಂದೇ ದಿನಕ್ಕೆ ಐದು ಹೊಲ ಮುಗಿಸ್ತಾರ’ ಎಂದು ಬೆರಗುಪಡುತ್ತಿದ್ದೆವು.

ಮೇಲಿನವರು ಒಂದು ಫಾರಂ ಹಿಡಿದುಕೊಂಡು ತಪಾಸಣೆಗೆ ಬಂದಾಗ ಸಿಕ್ಕಿಬಿದ್ದದ್ದು ಒಂದು ಕಬ್ಬಿನ ಹೊಲ. ಭತ್ತ ಇಷ್ಟು ಕಿಲೋ ಎಂದು ಬರೆದ ಸರ್ವೆ ನಂಬರಿನಲ್ಲಿ ಎರಡು ವರ್ಷದಿಂದ ಕಬ್ಬು ನಿಂತಿತ್ತು. ಮರುದಿನ ನನ್ನನ್ನು ಕಚೇರಿಗೆ ಕರೆದರು. ಮೇಜಿನ ಸುತ್ತ ಆರು ಜನ. ಆ ಫಾರಂ ನನ್ನ ಮುಂದೆ ಸರಿಸಿದರು. ಕೆಳಗೆ ನನ್ನ ಹೆಸರಿತ್ತು. ಅದು ಅವನ ಪಾಲಿನ ಊರು, ನಾನು ಅದನ್ನು ಕಣ್ಣಿನಿಂದ ಕಂಡಿರಲಿಲ್ಲ.

“ನಾ ಈ ಹುಡುಗಿನ್ನ ನಂಬಿ ಸಹಿ ಮಾಡೀನ್ರಿ,” ಎಂದು ಅವನು ಹೇಳಿದ. ದನಿಯಲ್ಲಿ ಎಂಥ ದುಃಖ! “ಹೊಲಕ್ಕ ಹೋಗಿಲ್ಲ, ಎಲ್ಲೋ ಕುಂತು ಬರದಾಳ. ತಪ್ಪು ನಂದೂ ಐತ್ರಿ. ಸಣ್ಣ ವಯಸ್ಸು ಅಂತ ಬಿಟ್ಟಿದ್ನಿ.”

“ಆ ಊರಿಗೆ ನನ್ನ ಕಳಿಸೇ ಇಲ್ಲಲ್ರಿ ಸರ್!”

“ನೋಡ್ರಿ, ಈಗ ಹಿಂಗ ಅಂತಾಳ,” ಎಂದು ಅವನು ಉಳಿದವರ ಕಡೆ ತಿರುಗಿದ. ಅವರಲ್ಲಿ ಒಬ್ಬರೂ ನನ್ನ ಕಡೆ ನೋಡಲಿಲ್ಲ. ಅಂದೇ ಮಧ್ಯಾಹ್ನ ನನ್ನನ್ನು ಕೆಲಸದಿಂದ ತೆಗೆದರು.

ಮನೆಗೆ ಬಂದಾಗ ಅಪ್ಪ ಎಮ್ಮೆಗೆ ಮೇವು ಹಾಕುತ್ತಿದ್ದ. ನಾನು ಅಳದೆ ಎಲ್ಲ ಹೇಳಿದೆ. ಅವನು ಮೇವಿನ ಕಟ್ಟು ಕೆಳಗಿಟ್ಟ. ಆಮೇಲೆ ಕೇಳಿದ: “ಖರೇನ ಹೊಲಕ್ಕ ಹೋಗಿದ್ದಿಲ್ಲೇನವಾ?”

ಅವನು ಬೈಯಲಿಲ್ಲ, ಸುಮ್ಮನೆ ಕೇಳಿದ ಅಷ್ಟೆ. ಆದರೆ ಆರು ಜನರ ಮುಂದೆ ಬಾರದ ಅಳು ಆ ಪ್ರಶ್ನೆಗೆ ಬಂತು. ಅಂದು ನಾನು ನಿರ್ಧರಿಸಿದೆ, ಈ ಮನುಷ್ಯನನ್ನು ನಾನು ಬಿಡುವುದಿಲ್ಲ ಎಂದು. ನೌಕರಿ ಹೋದದ್ದಕ್ಕೆ ಅಷ್ಟು ಸಿಟ್ಟಿರಲಿಲ್ಲ. ನನ್ನ ಅಪ್ಪನ ಬಾಯಿಂದ ಆ ಪ್ರಶ್ನೆ ಹೊರಡಿಸಿದನಲ್ಲ, ಅದಕ್ಕೆ.

ಸಿಟ್ಟು ಬಹಳ ದಿನ ಇರುವುದಿಲ್ಲ ಎಂದು ಜನ ಹೇಳುತ್ತಾರೆ. ನನ್ನದು ಇತ್ತು. ನಾನೇ ಅದನ್ನು ಜೋಪಾನ ಮಾಡಿದೆ. ಒಬ್ಬ ದನದ ವೈದ್ಯರ ಕೈಕೆಳಗೆ ಎರಡು ವರ್ಷ ಕೆಲಸ ಮಾಡಿದೆ. ಅವರು ದಿನಕ್ಕೆ ಮೂವತ್ತು ನಲವತ್ತು ಎಮ್ಮೆಗಳ ಮೇಲೆ ನನ್ನ ಕೈ ಇಡಿಸಿ, ಕಣ್ಣು ಮುಚ್ಚಿಕೊಂಡು ಅಂಕ ಹೇಳು ಎನ್ನುತ್ತಿದ್ದರು. ಬೆನ್ನೆಲುಬಿನ ಅಂಚು, ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವಿನ ಜಾಗ, ಬಾಲದ ಬುಡದ ಎರಡೂ ಕಡೆಯ ತಗ್ಗು, ಈ ಮೂರನ್ನು ಮುಟ್ಟಿದರೆ ಆ ಪ್ರಾಣಿ ಆರು ತಿಂಗಳಿಂದ ಏನು ತಿಂದಿದೆ ಎಂದು ಬೆರಳಿಗೆ ತಿಳಿಯುತ್ತದೆ. ಕಲಿಯುವ ಆಸೆ ಇತ್ತು, ಖರೆ. ಆದರೆ ಒಂದಲ್ಲ ಒಂದು ದಿನ ಅವನ ಬರಹದ ಮುಂದೆ ನನ್ನ ಬರಹ ಇಡಬೇಕಾಗುತ್ತದೆ, ಆಗ ನನ್ನದರಲ್ಲಿ ಕೂದಲೆಳೆಯ ತಪ್ಪೂ ಇರಬಾರದು ಎಂಬ ಹಟ ಅದಕ್ಕಿಂತ ದೊಡ್ಡದಿತ್ತು. ನಗರಕ್ಕೆ ಹೋದಾಗಲೆಲ್ಲ ಬೇಕೆಂದೇ ಸದಾಶಿವನಗರದ ಆ ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆ. ಅವನ ಜೀಪು ನಿಂತಿದ್ದರೆ ನನಗೆ ಸಮಾಧಾನ. ಇನ್ನೂ ಇದ್ದಾನೆ, ನನಗಾಗಿ ಇದ್ದಾನೆ.

ನಾಲ್ಕನೆಯ ವರ್ಷ, ಸಮೀಕ್ಷೆಗಳನ್ನು ಮರುಪರಿಶೀಲಿಸುವ ಹೊರಗಿನ ತಂಡವೊಂದಕ್ಕೆ ಜನ ಬೇಕಾಗಿದ್ದಾರೆ ಎಂದು ವೈದ್ಯರು ಹೇಳಿದರು. ಖಾನಾಪುರವೂ ಪಟ್ಟಿಯಲ್ಲಿದೆಯೇ ಎಂದು ಕೇಳಿದೆ. ಇದೆ ಎಂದರು. ಸಂದರ್ಶನದಲ್ಲಿ, ಆ ತಾಲ್ಲೂಕಿನಲ್ಲಿ ಕೆಲಸ ಮಾಡಿದ್ದೆ, ಅಲ್ಲಿಂದ ನನ್ನನ್ನು ತೆಗೆದುಹಾಕಿದರು ಎಂದು ನಾನೇ ಹೇಳಿದೆ. ಮುಚ್ಚಿಟ್ಟರೆ ಮುಂದೆ ಅದೇ ಅವನ ಕೈಗೆ ಆಯುಧವಾಗುತ್ತಿತ್ತು. ತಂಡದ ಹಿರಿಯರು ಒಂದು ಕ್ಷಣ ನೋಡಿ, “ಹಂಗಾದ್ರ ನಿಮಗ ಊರೂರು ಗೊತ್ತದ. ಬರ್ರಿ,” ಎಂದರು.

ಕೊಯ್ಲಿನ ಹೊತ್ತಿಗೆ ನನ್ನ ಕೈಗೆ ಬಂದ ಪಟ್ಟಿಯಲ್ಲಿ ಅವನು ಬರೆದ ಹನ್ನೊಂದು ಹೊಲಗಳಿದ್ದವು, ಇಪ್ಪತ್ತು ದನಗಳಿದ್ದವು. ನಿಯಮದ ಪ್ರಕಾರ ಅವನೂ ನನ್ನ ಜೊತೆ ಬರಬೇಕಿತ್ತು. ಖಾನಾಪುರದಲ್ಲಿ ಜೀಪಿನಿಂದ ಇಳಿದು ನನ್ನ ಮುಖ ನೋಡಿದ. ದಾರಿಯಲ್ಲಿ ನಾನು ನಮಸ್ಕಾರ ಮಾಡಿದಾಗ ಅವನು ಎಂದೂ ತಲೆಯೆತ್ತಿ ನೋಡಿದವನಲ್ಲ, ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

“ನೀ... ಆ ಸಾಂಬ್ರಾದ ಹುಡುಗಿ?”

“ಹೌದ್ರಿ ಸರ್. ಬರ್ರಿ, ಹೊಲ ನೋಡೂಣು.”

ಭತ್ತದ ಹೊಲ ಸುಳ್ಳು ಹೇಳುವುದಿಲ್ಲ. ಯಾರಾದರೂ ಚೌಕ ಹಾಕಿ ಕೊಯ್ದಿದ್ದರೆ, ರೈತ ಪೂರ್ತಿ ಕೊಯ್ಯುವವರೆಗೆ ನಿಂತ ಪೈರಿನ ನಡುವೆ ಐದು ಮೀಟರಿನ ಬೋಳು ಜಾಗ ಕಂಡೇ ಕಾಣುತ್ತದೆ. ಮೊದಲ ಹೊಲದ ಬದುವಿನ ಮೇಲೆ ನಿಂತೆ. ಈ ತುದಿಯಿಂದ ಆ ತುದಿಯವರೆಗೆ ಭತ್ತ ಒಂದೇ ಸಮ ತಲೆದೂಗುತ್ತಿತ್ತು.

“ಚೌಕ ಎಲ್ಲೈತ್ರಿ ಸರ್?”

“ಆ ಕಡೆ ಇರಬೇಕು.”

ಆ ಕಡೆ ಹೋದೆವು. ನಾನು ಅವನನ್ನು ಜೀಪಿನ ಹತ್ತಿರ ನಿಲ್ಲಲು ಬಿಡಲಿಲ್ಲ. ಕೆಸರಿನ ಬದುವಿನ ಮೇಲೆ ಹೊಲದ ನಾಲ್ಕೂ ಬದಿ ಸುತ್ತಿಸಿದೆ. ಎರಡನೆಯ ಹೊಲದಲ್ಲಿ, “ರೈತ ಬ್ಯಾರೆ ಹೊಲ ತೋರಿಸಿರಬೇಕು” ಎಂದ. ರೈತನನ್ನೇ ಕರೆಸಿದೆ. ರೈತ, “ಈ ಸಾಹೇಬ್ರನ್ನ ನಾ ಇವತ್ತ ನೋಡಾಕತ್ತೀನ್ರಿ ಅಕ್ಕಾರ,” ಎಂದ. ಮೂರನೆಯದು, ನಾಲ್ಕನೆಯದು, ಐದನೆಯದು. ಎಲ್ಲೂ ಚೌಕವಿಲ್ಲ. ಪ್ರತಿ ಸಲ ‘ಕಂಡುಬಂದಿಲ್ಲ’ ಎಂದು ಬರೆಯುವಾಗ ಅಕ್ಷರ ದುಂಡಗೆ, ನಿಧಾನವಾಗಿ ಬರೆದೆ. ಅವನು ಪಕ್ಕದಲ್ಲಿ ನಿಂತು ಓದಲಿ ಎಂದು. ಮರುದಿನ ಬೆಳಿಗ್ಗೆ ಇನ್ನೂ ಐದು. ಅಷ್ಟು ಸಂತೋಷ ನನಗೆ ಯಾವ ಹಬ್ಬದಲ್ಲೂ ಆಗಿಲ್ಲ ಎಂದರೆ ನಾಚಿಕೆಯೇನೂ ಇಲ್ಲ.

ಹತ್ತನೆಯ ಹೊಲ ಮುಗಿಸಿ ದನಗಳ ಪಟ್ಟಿ ತೆಗೆದೆ. ಅದೇ ಊರಿನ ಒಬ್ಬ ಮುದುಕಿಯ ಎಮ್ಮೆ ಅದರಲ್ಲಿತ್ತು. ಕಿವಿಯ ಹಳದಿ ಬಿಲ್ಲೆಯ ನಂಬರು ಸರಿಯಿತ್ತು. ಹೋದ ಬೇಸಿಗೆಯಲ್ಲೂ ಅದಕ್ಕೆ ಮೂರೂವರೆ, ಈ ಸಲವೂ ಮೂರೂವರೆ ಎಂದು ಅವನ ಬರಹ. ಎಮ್ಮೆಯನ್ನು ನೋಡಿದೆ. ಮುಟ್ಟುವ ಮೊದಲೇ ಗೊತ್ತಾಯಿತು.

“ಮೂರೂವರಿ ಅಂದ್ರ ಏನ್ರಿ?” ಎಂದು ಮುದುಕಿ ಕೇಳಿದಳು.

“ಮೈ ತುಂಬಿಕೊಂಡೈತಿ ಅಂತ, ಆಯಿ.”

“ಯಾವ ಎಮ್ಮಿ? ಇದ? ಅಗಬಾಯಿ! ಇದರ ಎಲುಬಿಗೆ ಸೀರಿ ಒಣಾಕ ಹಾಕಬೋದು!”

ಸುತ್ತ ಹತ್ತು ಹದಿನೈದು ಜನ ಸೇರಿದ್ದರು. ಮರುಪರಿಶೀಲನೆಯಲ್ಲಿ, ಬರೆದವನೇ ಎದುರಿಗೆ ಇನ್ನೊಮ್ಮೆ ಅಂಕ ಹಾಕಿ ತೋರಿಸಬೇಕು ಎಂದು ಕೇಳಲು ನನಗೆ ಅಧಿಕಾರವಿತ್ತು. ಎಲ್ಲರೂ ಕೇಳುವ ಹಾಗೆ ಕೇಳಿದೆ.

ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಬಿಟ್ಟುಬಿಡ್ರಿ ಮೇಡಮ್. ಮಂದಿ ಮುಂದ ಬ್ಯಾಡ.”

ಅವನು ನನಗೆ ಬಹುವಚನ ಕೊಟ್ಟದ್ದು ಅದೇ ಮೊದಲು.

“ಮಂದಿ ಮುಂದನ ಆಗಬೇಕ್ರಿ ಸರ್,” ಎಂದೆ. ಮೇಜಿನ ಸುತ್ತ ಕುಳಿತಿದ್ದ ಆರು ಜನರನ್ನು ನೆನೆದೆ. ಇಲ್ಲಿ ಹದಿನೈದು ಇದ್ದರು. ಸಾಲದು ಅನ್ನಿಸಿತು.

ಅವನು ಎಮ್ಮೆಯ ಬಳಿ ಹೋಗಿ ಕೈ ಚಾಚಿದ. ಎಮ್ಮೆ ಕಾಲೆತ್ತಿ ಇಟ್ಟಿತು. ಕೈ ಹಿಂದೆ ತೆಗೆದ. ಮತ್ತೆ ಚಾಚಿ ಹೊಟ್ಟೆಯ ಮೇಲೆ ಇಟ್ಟ, ಅಲ್ಲಿಂದ ಹೆಗಲಿನ ಮೇಲೆ ಇಟ್ಟ. ಇಷ್ಟು ವರ್ಷದಲ್ಲಿ ಎಷ್ಟು ದನಗಳ ಮೈ ಬರೆದಿದ್ದನೋ! ಕೈ ಎಲ್ಲಿಡಬೇಕೆಂದೇ ಅವನಿಗೆ ಗೊತ್ತಿರಲಿಲ್ಲ.

“ಅಲ್ಲಲ್ರಿ ಸಾಹೇಬ್ರ, ಅದು ಹೊಟ್ಟಿ. ಬೆಳಿಗ್ಗೆ ನೀರು ಕುಡದೈತಿ, ಅದಕ ಉಬ್ಬೇತಿ,” ಎಂದು ಮುದುಕಿ ಅವನ ಮಣಿಕಟ್ಟು ಹಿಡಿದು, ಬೆರಳುಗಳನ್ನು ತಂದು ಎಮ್ಮೆಯ ಬೆನ್ನಿನ ಹಿಂಭಾಗದಲ್ಲಿ ಒತ್ತಿದಳು. “ಇಲ್ಲಿ ಹಿಡೀರಿ. ಸಿಕ್ತೇನು ಎಲುಬು? ಹೋದ ಬ್ಯಾಸಿಗ್ಯಾಗ ಬಾಜೂ ಊರಿಗೆ ಮೇವು ಬಂತು, ನಮಗ ಬರಲಿಲ್ಲ. ನಿಮ್ಮ ಊರಿನ ದನ ಚಲೋ ಅದಾವು ಅಂದ್ರು. ಹಂಗ ಬರದಾವ್ರು ನೀವ ಏನು?”

ಜನ ನಕ್ಕರು. ಆಮೇಲೆ ನಗು ನಿಂತಿತು, ಏಕೆಂದರೆ ಮುದುಕಿ ಅವನ ಕೈ ಬಿಡದೆ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಆ ಮೌನವನ್ನು ಮುರಿಯಲಿಲ್ಲ. ನನಗೆ ಸಾಕಾಗುವಷ್ಟು ಹೊತ್ತು ಅದನ್ನು ಇರಲು ಬಿಟ್ಟು, ನಂತರ ಕೇಳಿದೆ: “ಎಷ್ಟಂತ ಬರೀಲ್ರಿ ಸರ್?”

“ಎರಡು,” ಎಂದ.

“ಜೋರಾಗಿ ಹೇಳ್ರಿ. ಆಯಿಗೆ ಕೇಳಿಸಿಲ್ಲ.”

“ಎರಡು.”

ಎರಡು ಎಂದು ಬರೆದೆ. ತಲೆ ಸುತ್ತುತ್ತಿದೆ ಎಂದು ಹೇಳಿ ಅವನು ಜೀಪು ಹತ್ತಿ ಬೆಳಗಾವಿಗೆ ಹೊರಟುಹೋದ. ಹೊಲಗಳಲ್ಲಿ ಉಳಿದದ್ದು ಹಲಸಿ ಊರಿನದು ಒಂದೇ. ಅಲ್ಲಿಗೆ ನಾನು ನಮ್ಮ ತಂಡದ ಗಾಡಿಯಲ್ಲಿ ಹೋದೆ. ‘ಕಂಡುಬಂದಿಲ್ಲ’ ಎಂಬುದನ್ನು ದಾರಿಯಲ್ಲೇ ಬರೆದಿಡಲು ಪೆನ್ನು ತೆಗೆದಿದ್ದೆ. ನೋಡದೆ ಬರೆದರೆ ನಾನೂ ಅವನ ಹಾಗೆಯೇ ಆಗುತ್ತೇನೆ ಎನ್ನಿಸಿ ಮುಚ್ಚಿಟ್ಟೆ.

ಹಳೆಯ ಗುಡಿಗಳನ್ನು ದಾಟಿ ಹೊಲಕ್ಕೆ ಹೋಗಿ ನೋಡಿದರೆ, ನಿಂತ ಭತ್ತದ ನಡುವೆ ಒಂದು ಚೌಕ.

ಮೊದಲು ಹಂದಿ ನುಗ್ಗಿರಬೇಕು ಎಂದುಕೊಂಡೆ. ಹತ್ತಿರ ಹೋದೆ. ನಾಲ್ಕು ಮೂಲೆಯಲ್ಲಿ ಗೂಟದ ತೂತುಗಳಿದ್ದವು. ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆದೆ. ಏಳು ಮೀಟರು, ಮೇಲೆ ಏಳು ಸೆಂಟಿಮೀಟರು, ಐದು ಮೀಟರಿನ ಚೌಕದ ಕರ್ಣ ಎಷ್ಟಿರಬೇಕೋ ಅಷ್ಟೇ. ನಾನು ಹಾಕಿದ್ದರೂ ಇದಕ್ಕಿಂತ ಸರಿ ಬರುತ್ತಿರಲಿಲ್ಲ.

ಹೊಲದ ಒಡತಿ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದಳು. ಚೌಕ ಯಾರು ಹಾಕಿದರು ಎಂದು ಕೇಳಿದೆ.

“ದಪ್ಪನ್ನ ಸಾಹೇಬ್ರು ಒಬ್ರ ಬಂದಿದ್ರು ತಾಯಿ. ಗಾಡಿ ಕೆಟ್ಟಿತ್ತಂತ, ರಿಪೇರಿ ಆಗೂಮಟ ಏನು ಮಾಡೂದು ಅಂದ್ರು. ನನ್ನ ಕುಡಗೋಲು ಇಸ್ಗೊಂಡು ತಾವ ಕೊಯ್ದ್ರು, ತಾವ ಬಡದ್ರು. ಕೈ ಕೊಯ್ಕೊಂಡ್ರು ಪಾಪ. ಸಣ್ಣಾಂವ ಇದ್ದಾಗ ನಮ್ಮಪ್ಪನ ಕೂಡ ಕೊಯ್ತಿದ್ನಿ ಅಂತ ಹೇಳಾಕತ್ತಿದ್ರು.”

ನನಗೆ ಅದನ್ನು ಕೇಳುವುದು ಬೇಕಿರಲಿಲ್ಲ. ಅವನಿಗೊಬ್ಬ ಅಪ್ಪನಿದ್ದ, ಆ ಅಪ್ಪನಿಗೂ ಹೊಲವಿತ್ತು ಎಂಬುದು ನನಗೆ ಯಾಕೆ ಬೇಕು? ಚೌಕದ ನಡುವೆ ನಿಂತುಕೊಂಡೆ. ಮರುದಿನ ಕೊಯ್ಲಿನ ಯಂತ್ರ ಬರುತ್ತದೆ ಎಂದು ಆಕೆ ಹೇಳಿದಳು. ಯಂತ್ರ ಓಡಿದ ಮೇಲೆ ಇಲ್ಲಿ ಚೌಕವಿತ್ತು ಎಂದು ತೋರಿಸುವ ಗುರುತು ಇರುವುದಿಲ್ಲ. ನಮ್ಮ ಗಾಡಿಯ ಚಾಲಕ ದೂರದಲ್ಲಿ ಊಟ ಮಾಡುತ್ತಿದ್ದ. ‘ಕಂಡುಬಂದಿಲ್ಲ’ ಎಂದು ಒಂದು ಸಲ ಹೆಚ್ಚಿಗೆ ಬರೆದರೆ ಹನ್ನೊಂದಕ್ಕೆ ಹನ್ನೊಂದು. ಕೇಳುವವರಿಲ್ಲ. ಅವನು ತಾನೇ ಬಂದು ಕೊಯ್ದೆ ಎಂದರೂ ಯಾರು ನಂಬುತ್ತಾರೆ? ನಾನು ಹೇಳಿದಾಗ ಯಾರು ನಂಬಿದ್ದರು?

ಕೊನೆಗೆ ಪೆನ್ನು ತೆಗೆದು ಕಂಡದ್ದನ್ನೇ ಬರೆದೆ. ಒಳ್ಳೆಯತನದಿಂದ ಬರೆದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನ್ನ ಹತ್ತು ಖರೆ ಮಾತುಗಳ ನಡುವೆ ಒಂದು ಸುಳ್ಳು ಸೇರಿದರೆ, ಅವನು ಅದೊಂದನ್ನೇ ಹಿಡಿದು ಹತ್ತನ್ನೂ ಕೆಡವುತ್ತಾನೆ ಎಂಬ ಹೆದರಿಕೆಯಿಂದ ಬರೆದೆ. ‘ಚೌಕ ಇದೆ. ಅಳತೆ ಸರಿಯಿದೆ.’ ಹಲ್ಲು ಕಚ್ಚಿಕೊಂಡು ಬರೆದೆ. ಅಕ್ಷರ ದುಂಡಗಿರಲಿಲ್ಲ.

ಹದಿನೈದು ದಿನದ ನಂತರ ಸದಾಶಿವನಗರದ ಅದೇ ಕೋಣೆಯಲ್ಲಿ ಸಭೆ ನಡೆಯಿತು. ವರದಿ ಓದಿದ ಮೇಲೆ ನಾನು ಇನ್ನೊಂದು ಬೇಡಿಕೆ ಇಟ್ಟೆ: ನಾಲ್ಕು ವರ್ಷದ ಹಿಂದಿನ ಆ ಕಬ್ಬಿನ ಹೊಲದ ಫಾರಂ ಹೊರಗೆ ತೆಗೆಯಿರಿ. ಕಪಾಟಿನಿಂದ ತೆಗೆದರು. ಅವನಿಗೆ ಏಳು ಎಂಬ ಅಂಕಿಯನ್ನು ಬರೆಯುವಾಗ ನಡುವೆ ಅಡ್ಡಗೆರೆ ಎಳೆಯುವ ಅಭ್ಯಾಸವಿತ್ತು. ನನಗೆ ಇಲ್ಲ. ನನ್ನ ಹೆಸರಿನ ಆ ಫಾರಮಿನಲ್ಲಿ ಮೂರು ಏಳುಗಳಿದ್ದವು, ಮೂರಕ್ಕೂ ಅಡ್ಡಗೆರೆ ಇತ್ತು. ಪಕ್ಕದಲ್ಲಿ ಅವನ ಹೊಸ ಫಾರಂ ಇಟ್ಟರು, ನನ್ನ ಹಳೆಯ ಫಾರಂಗಳನ್ನೂ ಇಟ್ಟರು. ಆ ಆರು ಜನರಲ್ಲಿ ಇಬ್ಬರು ಇನ್ನೂ ಅಲ್ಲೇ ಇದ್ದರು. ಒಬ್ಬರು ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದರು. ನಾನು ಮುಖ ತಿರುಗಿಸಿದೆ. ಅವರ ಕ್ಷಮೆಯನ್ನು ಕೇಳಿಸಿಕೊಳ್ಳುವಷ್ಟು ಉದಾರತೆ ನನ್ನಲ್ಲಿರಲಿಲ್ಲ.

ಅವನ ಕೆಲಸ ಹೋಯಿತು. ಹಿಂದಿನ ತಪ್ಪು ನನ್ನದಲ್ಲ ಎಂದು ನನಗೆ ಒಂದು ಪತ್ರ ಕೊಟ್ಟರು. ಅದನ್ನು ಮಡಚದೆ, ರಟ್ಟಿನ ನಡುವೆ ಇಟ್ಟುಕೊಂಡು ಮನೆಗೆ ಒಯ್ದು ಅಪ್ಪನ ಕೈಯಲ್ಲಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

“ಇದಕ್ಕ ಕಾಗದ ಯಾಕ ಬೇಕವಾ? ನೀ ಹೋಗಿದ್ದಿ ಅನ್ನೂದು ನನಗ ಗೊತ್ತಿರಲಿಲ್ಲೇನು? ದಿನಾ ನಿನ್ನ ಚಪ್ಪಲಿ ಕೆಸರು ತೊಳ್ಯಾಂವ ನಾನ ಇದ್ನಲ್ಲ.”

“ಅವತ್ತ ಕೇಳಿದ್ದಿಯಲ್ಲಪ್ಪಾ. ಖರೇನ ಹೋಗಿದ್ದಿಲ್ಲೇನು ಅಂತ.”

“ನಾನ? ಇಲ್ಲವಾ. ನಾ ಯಾಕ ಕೇಳ್ಲಿ?”

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಆ ಮಾತು ನೆನಪೇ ಇರಲಿಲ್ಲ. ನಾಲ್ಕು ವರ್ಷ ನನ್ನನ್ನು ಎಬ್ಬಿಸಿ ನಡೆಸಿದ ಆ ಒಂದು ಪ್ರಶ್ನೆ ಅವನ ಬಾಯಿಂದ ಬಿದ್ದ ಕ್ಷಣವೇ ಅವನಿಂದ ಅಳಿಸಿಹೋಗಿತ್ತು. ನನಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಒಳಗೆ ಹೋಗಿ, ಸೂರ್ಯ ಇನ್ನೂ ಇದ್ದರೂ, ಹಸಿವಿಲ್ಲ ಎಂದು ಉಣ್ಣದೆ ಮಲಗಿದೆ. ಅವ್ವ ಎರಡು ಸಲ ಕರೆದಳು, ಏಳಲಿಲ್ಲ.

ಆ ಬೇಸಿಗೆಯಲ್ಲಿ ಮುದುಕಿಯ ಊರಿಗೆ ಮೇವು ಬಂತು. ಎಮ್ಮೆ ಮುಟ್ಟಿ ನೋಡಿದೆ. ಎರಡೂವರೆ ದಾಟಿತ್ತು.

ಅದಾದ ಒಂದು ತಿಂಗಳಿಗೆ ಖಾನಾಪುರದ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕ. ನನ್ನನ್ನೇ ಹುಡುಕಿಕೊಂಡು ಬಂದಿದ್ದ. ಸ್ವಲ್ಪ ಇಳಿದಿದ್ದ. ಬೇರೊಂದು ಕಡೆ ಇಂಥದೇ ಕೆಲಸವಿದೆ, ಆದರೆ ಅಲ್ಲಿಯವರು ಹಿಂದಿನ ವಿಷಯ ಕೇಳುತ್ತಿದ್ದಾರೆ ಎಂದ.

“ಹಲಸಿ ಹೊಲ ಸರಿ ಐತಿ ಅಂತ ವರದ್ಯಾಗ ನೀವ ಬರದೀರಿ. ಅದನ್ನ ಒಂದು ಹಾಳ್ಯಾಗ ಬರದು ಕೊಟ್ರ ಉಪಕಾರ ಆಗತೈತ್ರಿ.”

“ನನ್ನ ಹೆಸರು ಯಾಕ ಹಾಕಿದ್ರಿ ಆವಾಗ? ನಾಕ ಮಂದಿ ಇದ್ವಿ.”

ಅವನು ನೆಲ ನೋಡಿದ. “ನೀವು ಹೊಸಬರಿದ್ರಿ,” ಎಂದ.

ಅಷ್ಟೇ ಕಾರಣ. ದ್ವೇಷವೂ ಇರಲಿಲ್ಲ. ದ್ವೇಷವಿದ್ದಿದ್ದರೆ ನನಗೆ ಸ್ವಲ್ಪ ಮರ್ಯಾದೆಯಾದರೂ ಇರುತ್ತಿತ್ತು.

ಚೀಲದಿಂದ ಹಾಳೆ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಬರೆದೆ: ‘ಇವರು ಬರೆದಿದ್ದ ಹನ್ನೊಂದು ಹೊಲಗಳನ್ನು ನಾನು ನೋಡಿದ್ದೇನೆ. ಅವುಗಳಲ್ಲಿ ಒಂದು ಹೊಲದಲ್ಲಿ ಇವರು ಸ್ವತಃ ಕೆಲಸ ಮಾಡಿದ್ದಾರೆ.’ ಕೆಳಗೆ ಸಹಿ ಮಾಡಿ ಕೊಟ್ಟೆ.

ಅವನು ಓದಿದ. ಮತ್ತೊಮ್ಮೆ ಓದಿದ. “ಹನ್ನೊಂದು ಅನ್ನೂದು ಬೇಕೇನ್ರಿ?” ಎಂದು ಕೇಳಿದ.

“ಇದ್ದದ್ದು ಬರದೀನ್ರಿ ಸರ್.”

ಹಾಳೆಯನ್ನು ಅವನು ಹರಿಯುತ್ತಾನೆ ಎಂದುಕೊಂಡೆ. ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡು, ರಸ್ತೆ ದಾಟಿ ಹೋದ. ಅದನ್ನು ಯಾರಿಗಾದರೂ ತೋರಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಿಸಿಲ್ಲ. ಆ ಹಾಳೆಯನ್ನು ಇನ್ನೊಂದು ರೀತಿಯಲ್ಲಿ ಬರೆಯಬಹುದಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಕೇಳಿದರೆ ಇಂದೂ ಅಂದು ಬರೆದ ಹಾಗೆಯೇ ಬರೆಯುತ್ತೇನೆ.